ಹೊಗೆ ಅಲಾರಂಗೊಂದು ಕುಲಾವಿ

ಮನೆಯಲ್ಲಿ ಒಬ್ಬರ ಮನಸ್ಸಿಗೆ ಕಾಯಿಲೆ ಬಂದರೆ ಮೊದಲು ಜಾಗ ಬದಲಿಸುವುದು ಚಿಲಕ. ಕೋಣೆಯ ಒಳಗಿದ್ದದ್ದು ಹೊರಗೆ ಬರುತ್ತದೆ. ಪ್ರೀತಿ ಇಲ್ಲದವರು ಮಾತ್ರ ಹೀಗೆ ಮಾಡುತ್ತಾರೆಂದು ತಿಳಿಯಬಾರದು. ಬೀದಿಯ ತಿರುವಿನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಅಕ್ಕ ತನ್ನ ತಮ್ಮನನ್ನು ಹೆತ್ತ ಮಗನಂತೆ ಸಾಕಿದವಳು. ಅವನ ಕೋಣೆಗೆ ಹೊರಗಿನಿಂದ ಚಿಲಕ ಹಾಕಿಸಿದವಳೂ ಅವಳೇ.

ತಮ್ಮನದು ಗಡಿಯಾರ ರಿಪೇರಿ. ಕೂದಲೆಳೆಯಂಥ ಸ್ಪ್ರಿಂಗನ್ನು ಚಿಮಟದಲ್ಲಿ ಎತ್ತಿ ಅದರ ಜಾಗದಲ್ಲಿ ಕೂರಿಸುವ ಕೈ. ಒಂದು ವರ್ಷ ಆ ಕೈ ಕೆಲಸ ಬಿಟ್ಟಿತು. ಯಾರೋ ತನ್ನನ್ನೇ ನೋಡುತ್ತಿದ್ದಾರೆಂದು ಅವನು ಗೋಡೆಗೆ ಬೆನ್ನು ಕೊಟ್ಟು ಕೂರತೊಡಗಿದ. ಹೇಳದೆ ಕೇಳದೆ ಮನೆ ಬಿಟ್ಟು ಹೋದವನು, ಹುಡುಕಿದವರ ಕಾಲು ಸೋತ ಮೇಲೆ ಸಿಕ್ಕ. ಮರುದಿನವೇ ಅಕ್ಕ ಬಡಗಿಯನ್ನು ಕರೆಸಿದಳು. ಆದರೆ ಒಳಗೆ ಮಲಗಿದವನಿಗಿಂತ ಹೊರಗಿನಿಂದ ಚಿಲಕ ಎಳೆದವಳಿಗೇ ನಿದ್ದೆ ದೂರವಾಯಿತು. ಆ ಕಬ್ಬಿಣದ ಸದ್ದು ಅವಳ ಕಿವಿಯಲ್ಲೇ ಉಳಿಯಿತು.

ಚಿಕಿತ್ಸೆಯಿಂದ ತಮ್ಮ ಚೇತರಿಸಿಕೊಂಡ. ಆಸ್ಪತ್ರೆಯಿಂದ ಹೊರಡುವಾಗ ಡಾಕ್ಟರು ಒಂದು ಆಸರೆಮನೆಯ ವಿಷಯ ಹೇಳಿದರು. ಮೂರು ಅಂತಸ್ತಿನ ಕಟ್ಟಡ. ಒಬ್ಬೊಬ್ಬರಿಗೆ ಒಂದೊಂದು ಕೋಣೆ: ಮಂಚ, ಮೇಜು, ಸಣ್ಣದೊಂದು ಒಲೆ, ಬೀದಿಗೆ ತೆರೆಯುವ ಕಿಟಕಿ. ಕೋಣೆಯ ಬೀಗದ ಕೈ ಅಲ್ಲಿ ಇರುವವನ ಜೇಬಿನಲ್ಲಿ. ಕೆಲಸಕ್ಕೆ ಹೋಗಬಹುದು, ಅಡುಗೆ ಮಾಡಿಕೊಳ್ಳಬಹುದು, ನೆಂಟರನ್ನು ಕರೆಯಬಹುದು. ಕಟ್ಟುನಿಟ್ಟಿನ ನಿಯಮಗಳು ಕೆಲವೇ. ಅವುಗಳಲ್ಲಿ ಒಂದು, ಚಾವಣಿಯ ಹೊಗೆ ಅಲಾರಂ ಕುರಿತದ್ದು. ಅದನ್ನು ಕಿತ್ತರೆ, ಮುಚ್ಚಿದರೆ, ಕೆಡಿಸಿದರೆ ಕೋಣೆ ಬಿಡಬೇಕು. ಒಬ್ಬನ ಕೋಣೆಗೆ ಬೆಂಕಿ ಬಿದ್ದರೆ ಮೇಲೆ ಮಲಗಿದವರೆಲ್ಲರ ಜೀವಕ್ಕೆ ಅಪಾಯ ಎಂಬುದು ಕಾರಣ.

ತಮ್ಮ ಬೀಗದ ಕೈಯನ್ನು ಅಂಗೈಯಲ್ಲಿ ತೂಗಿ ನೋಡಿ ಜೇಬಿಗೆ ಹಾಕಿಕೊಂಡ. ಅವನು ನಕ್ಕದ್ದನ್ನು ಅಕ್ಕ ಎಷ್ಟೋ ಕಾಲದ ಮೇಲೆ ಕಂಡಳು. ಇನ್ನು ಆ ಹಾಳು ಚಿಲಕವನ್ನು ಮುಟ್ಟುವ ಪ್ರಮೇಯವಿಲ್ಲ ಎಂದು ಅವಳ ಎದೆ ಹಗುರಾಯಿತು. ತನಗೂ ಒಂದು ಬೀಗದ ಕೈ ಕೊಡಿ ಎಂದು ಆಸರೆಮನೆಯವರನ್ನು ಕೇಳಿದಳು. ಕೊಡಲಿಲ್ಲ. ಅದೊಂದು ಮುನಿಸು ಉಳಿಯಿತು.

ಎರಡನೆಯ ಮುನಿಸಿಗೆ ಕಾರಣ ಕಂಡಕ್ಟರಮ್ಮ.

ಕಂಡಕ್ಟರಮ್ಮ ಹಿಂದೆ ಬಸ್ಸಿನಲ್ಲಿ ಟಿಕೆಟ್ ಕೊಡುತ್ತಿದ್ದವಳು. ದಪ್ಪ ದನಿ, ಗಟ್ಟಿ ನಡಿಗೆ, ಹೆಗಲಿನ ಚೀಲವನ್ನು ಈಗಲೂ ಮುಂದಕ್ಕೆ ಎಳೆದುಕೊಂಡು ನಿಲ್ಲುವ ಅಭ್ಯಾಸ. ಆಸರೆಮನೆಯಲ್ಲಿ ಅವಳ ಕೆಲಸ ತಮ್ಮನಂಥವರಿಗೆ ಜೊತೆ ಕೊಡುವುದು. ಡಾಕ್ಟರೋ ನರ್ಸೋ ಎಂದು ಅಕ್ಕ ಮೊದಲ ದಿನವೇ ವಿಚಾರಿಸಿದಳು.

"ಎರಡೂ ಅಲ್ಲ ಅಕ್ಕಾ," ಎಂದಳು ಕಂಡಕ್ಟರಮ್ಮ. "ಇದೇ ಮನೇಲಿ, ಕೆಳಗಿನ ಕೋಣೇಲಿ ನಾನೂ ಇದ್ದೆ. ನನಗೂ ಮನಸ್ಸಿನ ಕಾಯಿಲೆ ಬಂದಿತ್ತು. ಈಗಲೂ ಮಾತ್ರೆ ತಗೋತೀನಿ. ಆಮೇಲೆ ತರಬೇತಿ ಕೊಟ್ಟು ಕೆಲಸಕ್ಕೆ ಇಟ್ಕೊಂಡ್ರು. ಜೊತೆಗಾತಿ ಅಂತಾರೆ."

ಅಕ್ಕನ ಮುಖದ ಬಣ್ಣ ಇಳಿಯಿತು. ಅಂಗಡಿಗೆ ಬಂದು ಪಕ್ಕದ ಇಸ್ತ್ರಿಯವನ ಮುಂದೆ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿದಳು. ಕಾಯಿಲೆ ಬಿದ್ದು ಎದ್ದವಳನ್ನು ಕಾಯಿಲೆಯವನಿಗೆ ಕಾವಲಿಟ್ಟಿದ್ದಾರೆ, ಇದಕ್ಕೆ ಸಂಬಳ ಬೇರೆ ಎಂದಳು. ಇಸ್ತ್ರಿಯವನು ಪೆಟ್ಟಿಗೆಯನ್ನು ನಿಲ್ಲಿಸಿ ಅವಳ ಕಡೆ ತಿರುಗಿದ.

"ನೀನು ಹೊಲಿಗೆ ಕಲಿತದ್ದು ಯಾರತ್ರ ಅಕ್ಕ? ಬೆರಳಿಗೆ ಸೂಜಿ ಚುಚ್ಚಿಸಿಕೊಂಡವರತ್ರ ತಾನೆ?"

"ಬಟ್ಟೆ ಸುಡ್ತಾ ಇದೆ, ನೋಡು ಮೊದ್ಲು," ಎಂದು ಅಕ್ಕ ಮಾತು ತಿರುಗಿಸಿದಳು. ಬಟ್ಟೆ ಸುಡುತ್ತಿರಲಿಲ್ಲ.

ಕಂಡಕ್ಟರಮ್ಮನ ಕೆಲಸದ ಕ್ರಮವೂ ಅಕ್ಕನಿಗೆ ಹಿಡಿಸಲಿಲ್ಲ. ಅಕ್ಕ ಬಾಗಿಲು ತಟ್ಟುತ್ತಲೇ ತಳ್ಳಿಕೊಂಡು ಒಳಗೆ ಹೋಗುವವಳು. ಹೋದವಳೇ ಸೆರಗು ಸಿಕ್ಕಿಸಿ ಪಾತ್ರೆ ತೊಳೆಯುವಳು, ಹಾಸಿಗೆ ಕೊಡವುವಳು, ಆಲೂಗಡ್ಡೆ ಹೆಚ್ಚುವಳು. ಕಂಡಕ್ಟರಮ್ಮ ಬಾಗಿಲು ತಟ್ಟಿ ಕೈ ಕಟ್ಟಿ ನಿಲ್ಲುವಳು. ತಮ್ಮ ಈಗ ಬೇಡ ಎಂದರೆ ಸಂಜೆ ಬರಲೇ ಎಂದು ಕೇಳಿ ಹೊರಟುಹೋಗುವಳು. ಒಳಗೆ ಕರೆದರೂ ಅವಳು ಪಾತ್ರೆ ಮುಟ್ಟುತ್ತಿರಲಿಲ್ಲ. ತಮ್ಮನೇ ಆಲೂಗಡ್ಡೆ ಹೆಚ್ಚಬೇಕು. ಇವಳು ಮೇಜಿನ ಪಕ್ಕ ಕೂತು ಬಸ್ಸಿನ ಕಥೆ ಹೇಳುವಳು. ಅವನು ಪೇಟೆಗೆ ಹೊರಟರೆ ಜೊತೆಗೆ ಹೋಗುವಳು. ಅಂಗಡಿಯವನ ಹತ್ತಿರ ಮಾತಾಡಬೇಕಾದವನು ಮಾತ್ರ ಅವನೇ. ಸುಮ್ಮನೆ ಪಕ್ಕದಲ್ಲಿ ಕೂರುವುದೂ ಒಂದು ಕೆಲಸವೇ ಎಂದು ಅಕ್ಕ ಒಮ್ಮೆ ಚುಚ್ಚಿಯೇ ಕೇಳಿದಳು.

"ಬಸ್ಸಲ್ಲಿ ನುಗ್ಗೋರನ್ನ ಸಾಕಷ್ಟು ನೋಡಿದೀನಿ ಅಕ್ಕಾ. ನಾನು ನುಗ್ಗಲ್ಲ," ಎಂದಷ್ಟೇ ಕಂಡಕ್ಟರಮ್ಮ ಹೇಳಿದಳು.

ಹೀಗಿರುವಾಗ ತಮ್ಮ ಒಂದು ದಿನ ಚಾವಣಿ ತೋರಿಸಿದ. ಮಂಚದ ನೇರಕ್ಕೆ, ತಟ್ಟೆಯಷ್ಟು ಅಗಲದ ಬಿಳಿಯ ಅಲಾರಂ. ಅದರಲ್ಲೊಂದು ಕೆಂಪು ದೀಪ, ಆಗೊಮ್ಮೆ ಈಗೊಮ್ಮೆ ಮಿನುಗುವುದು. ಮಲಗಿದರೆ ಅದು ತನ್ನನ್ನೇ ನೋಡುತ್ತದೆ, ಕಣ್ಣು ಮುಚ್ಚಿದರೂ ನೋಡುತ್ತದೆ ಎಂದ. ಅವನ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

ಅಕ್ಕ ಆ ದೀಪವನ್ನೂ ಅವನ ಮುಖವನ್ನೂ ನೋಡಿದಳು. ಹಳೆಯ ಕಾಯಿಲೆ ಮತ್ತೆ ಬಾಗಿಲಿಗೆ ಬಂತೇ? ಡಾಕ್ಟರಿಗೆ ಹೇಳಿದರೆ ಮತ್ತೆ ಆಸ್ಪತ್ರೆಗೆ ಸೇರಿಸಿಯಾರು, ಆಸರೆಮನೆಯವರಿಗೆ ಹೇಳಿದರೆ ಕೋಣೆ ಕಿತ್ತುಕೊಂಡಾರು. ಕೋಣೆ ಹೋದರೆ ಅವನು ಮನೆಗೆ ಬರಬೇಕು. ಮನೆಯಲ್ಲಿ ಆ ಚಿಲಕ ಕಾಯುತ್ತಿದೆ. ಯಾರಿಗೂ ಹೇಳಬೇಡ ಎಂದು ತಮ್ಮನಿಗೆ ತಾಕೀತು ಮಾಡಿ, ದರ್ಜಿಗೆ ತೋಚುವ ಉಪಾಯವನ್ನೇ ಮಾಡಿದಳು. ಕುರ್ಚಿ ಹತ್ತಿ ಅಲಾರಂನ ಅಳತೆ ತೆಗೆದಳು. ದಪ್ಪ ಬಿಳಿ ಬಟ್ಟೆಯನ್ನು ಎರಡು ಪದರವಾಗಿ ಮಡಿಸಿ, ಸುತ್ತ ಎಲಾಸ್ಟಿಕ್ ಎಳೆದು, ಎಳೆಗೂಸಿಗೆ ಹೊಲಿಯುವಂಥ ಅಂದದ ಕುಲಾವಿ ಹೊಲಿದು ತಂದಳು. ಅಲಾರಂ ತಲೆಗೆ ಅದು ಅಚ್ಚುಕಟ್ಟಾಗಿ ಕೂತಿತು. ದೀಪ ಕಾಣದಾಯಿತು. ತಮ್ಮನಿಗೆ ನಿದ್ದೆ ಬಂತು. ಚಾವಣಿಯ ಬಿಳಿಗೂ ಬಟ್ಟೆಯ ಬಿಳಿಗೂ ಒಂದಿಷ್ಟೂ ವ್ಯತ್ಯಾಸವಿಲ್ಲವಲ್ಲ ಎಂದು ಅಕ್ಕ ಒಳಗೊಳಗೇ ಬೀಗಿದಳು.

ಆ ಹೆಮ್ಮೆ ಬಹಳ ದಿನ ಬಾಳಲಿಲ್ಲ. ಒಂದು ಬೆಳಿಗ್ಗೆ ಅಕ್ಕ ಮೆಟ್ಟಿಲು ಹತ್ತಿ ಬಂದರೆ ಕಂಡಕ್ಟರಮ್ಮ ತಮ್ಮನ ಬಾಗಿಲು ತಟ್ಟುತ್ತಿದ್ದಳು. ಕೈ ಕಟ್ಟಿ ನಿಂತಿರಲಿಲ್ಲ, ಎರಡೂ ಕೈಯಲ್ಲಿ ತಟ್ಟುತ್ತಿದ್ದಳು. ಬಾಗಿಲ ಸಂದಿಯಿಂದ ಸುಟ್ಟ ವಾಸನೆ. ಮೇಲ್ವಿಚಾರಕರ ಬಳಿ ಇರುವ ಬೀಗದ ಕೈ ತರಲು ಕಂಡಕ್ಟರಮ್ಮ ತಿರುಗುವಷ್ಟರಲ್ಲಿ ಬಾಗಿಲು ತೆರೆಯಿತು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಕೈಯಲ್ಲಿ ಚಿಮಟ ಹಿಡಿದು, ಪ್ರಸನ್ನವದನನಾಗಿ ತಮ್ಮ ನಿಂತಿದ್ದ. ಅವನ ಹಿಂದೆ ಹೊಗೆ ಚಾವಣಿ ಮುಟ್ಟಿತ್ತು. ರಿಪೇರಿಗೆ ಬಂದ ಗಡಿಯಾರದಲ್ಲಿ ಮುಳುಗಿದವನಿಗೆ ಒಲೆಯ ಮೇಲೆ ಆಲೂಗಡ್ಡೆ ಇದೆ ಎಂಬುದೇ ಮರೆತುಹೋಗಿತ್ತು.

ಒಲೆ ಆರಿಸಿದರು, ಕಿಟಕಿ ತೆರೆದರು. ಪಾತ್ರೆ ಕರಿಯಾಯಿತು ಎಂಬುದನ್ನು ಬಿಟ್ಟರೆ ನಷ್ಟವಿಲ್ಲ. ಅಕ್ಕ ಕೆಮ್ಮುತ್ತಲೇ ನಕ್ಕಳು. ಕಂಡಕ್ಟರಮ್ಮ ಮಾತ್ರ ತಲೆ ಎತ್ತಿ ಚಾವಣಿ ನೋಡುತ್ತಿದ್ದಳು. ಇಷ್ಟು ಹೊಗೆಗೆ ಅದು ಬೀದಿಗೇ ಕೇಳುವಂತೆ ಕೂಗಬೇಕಿತ್ತು. ಅವಳು ಕುರ್ಚಿ ಹತ್ತಿ ಬೆರಳಿನಿಂದ ಮುಟ್ಟಿ ನೋಡಿದಳು.

ಅಕ್ಕ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಈಗ ಬೈಗುಳ, ಆಮೇಲೆ ದೂರು, ಆಮೇಲೆ ಗಂಟುಮೂಟೆ.

"ಎಷ್ಟು ಚೆಂದದ ಹೊಲಿಗೆ," ಎಂದಳು ಕಂಡಕ್ಟರಮ್ಮ. "ನಾನು ಕಾಲುಚೀಲ ತೊಡಿಸಿದ್ದೆ."

ತಮ್ಮ ಕಣ್ಣಿನಿಂದ ಭೂತಗನ್ನಡಿ ತೆಗೆದ. "ನೀವಾ?"

"ನಾನೇ. ಆ ದೀಪ ನನ್ನ ಲೆಕ್ಕ ಇಡ್ತಾ ಇದೆ ಅನ್ನಿಸ್ತಿತ್ತು. ತೊಳೆಯದ ಕಾಲುಚೀಲ ಬೇರೆ. ಆ ವಾಸನೆಗೇ ಅಲಾರಂ ಹೊಡ್ಕೋಬೇಕಿತ್ತು ಪಾಪ." ಅವಳು ಕುರ್ಚಿಯಿಂದ ಇಳಿದು ಕೂತಳು. "ಎಷ್ಟು ದಿನದಿಂದ ಹೀಗೆ ಅನ್ನಿಸ್ತಾ ಇದೆ, ಗಡಿಯಾರದಣ್ಣ?"

ತಮ್ಮ ಹೇಳತೊಡಗಿದ. ಅಕ್ಕನಿಗೆ ಹೇಳದೇ ಇದ್ದುದೆಲ್ಲ ಹೊರಬಂತು: ಬೀದಿಯಲ್ಲಿ ಹೋಗುವವರು ತಿರುಗಿ ನೋಡಿದಂತೆ ಆಗುವುದು, ಗಡಿಯಾರದ ಟಿಕ್ ಸದ್ದಿನಲ್ಲಿ ತನ್ನ ಹೆಸರು ಕೇಳಿಸುವುದು, ಸಂಜೆಯಾದರೆ ಎದೆ ಹಿಡಿದುಕೊಳ್ಳುವುದು. ಕಂಡಕ್ಟರಮ್ಮ ಅದು ಸುಳ್ಳು ಎನ್ನಲಿಲ್ಲ, ನಿಜ ಎನ್ನಲೂ ಇಲ್ಲ. ನಡುವೆ ಒಮ್ಮೆ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ಡಾಕ್ಟರನ್ನು ಕೇಳೋಣ ಎಂದಳು.

ಆಮೇಲೆ ಅವಳು ಎದ್ದು ನೆಟ್ಟಗೆ ನಿಂತಳು. ಅವಳ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ನೀವು ನನ್ನತ್ರ ಹೇಳಿದ್ದು ನನ್ನತ್ರಾನೇ ಇರುತ್ತೆ. ಆದ್ರೆ ಈ ಬಟ್ಟೆ ವಿಷಯ ಮುಚ್ಚಿಡೋಕೆ ನನ್ನಿಂದ ಆಗಲ್ಲ. ಮೇಲೆ ಜನ ಮಲಗ್ತಾರೆ. ಜೀವಕ್ಕೆ ಅಪಾಯ ಇರೋ ವಿಷಯ ಮುಚ್ಚಿಡಲ್ಲ ಅಂತ ಮೊದಲ ದಿನವೇ ಹೇಳಿದ್ದೆ. ನೀವೇ ಹೋಗಿ ಹೇಳಿದ್ರೆ ನಾನು ಪಕ್ಕದಲ್ಲಿ ಕೂತಿರ್ತೀನಿ. ಇಲ್ಲ ಅಂದ್ರೆ ಮಧ್ಯಾಹ್ನದ ಹೊತ್ತಿಗೆ ನಾನು ಹೇಳ್ತೀನಿ. ನಿಮಗೆ ಗೊತ್ತಾಗದ ಹಾಗೆ ಮಾತ್ರ ಹೇಳಲ್ಲ."

ಅಕ್ಕನಿಗೆ ಎಲ್ಲಿತ್ತೋ ಸಿಟ್ಟು. ಕಾಲುಚೀಲದ ಕಥೆ ಹೇಳಿ ಬಾಯಿ ಬಿಡಿಸಿ ಈಗ ಕತ್ತು ಕೊಯ್ಯುತ್ತೀಯಾ ಎಂದಳು. ಇಷ್ಟು ದಿನ ಪಕ್ಕದಲ್ಲಿ ಕೂತದ್ದು ಇದಕ್ಕೇನಾ ಎಂದಳು. ಕಂಡಕ್ಟರಮ್ಮ ಅಷ್ಟನ್ನೂ ಹೊಟ್ಟೆಗೆ ಹಾಕಿಕೊಂಡಳು. ಕೊನೆಗೆ ಅಕ್ಕನ ಸಿಟ್ಟು ಅಳುವಾಗಿ ತಿರುಗಿತು. ಕೋಣೆ ಹೋದರೆ ತಾನು ಮತ್ತೆ ಚಿಲಕ ಹಾಕಬೇಕಾಗುತ್ತದೆ, ಅದು ತನ್ನ ಕೈಲಾಗದು ಎಂದಳು. ಆ ಮಾತನ್ನು ಅವಳು ಅದುವರೆಗೆ ಯಾರ ಮುಂದೆಯೂ ಆಡಿರಲಿಲ್ಲ, ತಮ್ಮನ ಮುಂದಂತೂ ಇಲ್ಲವೇ ಇಲ್ಲ.

ತಮ್ಮ ಕುರ್ಚಿಯನ್ನು ಮತ್ತೆ ಅಲಾರಂ ಕೆಳಗೆ ಎಳೆದ. ಅದನ್ನು ಹತ್ತಿ, ಎಲಾಸ್ಟಿಕ್ ಸಡಿಲಿಸಿ, ಕುಲಾವಿಯನ್ನು ತಾನೇ ತೆಗೆದ. ಕೆಂಪು ದೀಪ ಮಿನುಗಿತು. ಆದರೂ ಅವನು ಕುಲಾವಿಯನ್ನು ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡು, ನಡೀರಿ ಎಂದ.

ಮೆಟ್ಟಿಲು ಇಳಿಯುವಾಗ ಅಕ್ಕ ಅವನ ತೋಳು ಹಿಡಿದು, ಇದನ್ನೆಲ್ಲ ನನಗೇಕೆ ಹೇಳಲಿಲ್ಲ ಎಂದು ಕೇಳಿದಳು.

"ನಿನಗೆ ಹೇಳಿದ್ರೆ ನೀನು ಹೆದರ್ತೀಯ ಅಕ್ಕ. ನೀನು ಹೆದರಿದ್ರೆ ನನ್ನ ಹೆದರಿಕೆ ಇನ್ನೂ ಜಾಸ್ತಿ ಆಗುತ್ತೆ. ಅವರಿಗೆ ಹೇಳಿದ್ರೆ, ನಾನು ಕಾಲುಚೀಲ ತೊಡಿಸಿದ್ದೆ ಅಂತಾರೆ."

ಅಕ್ಕನಿಗೆ ಅದು ನಾಟಿತು.

ಮೇಲ್ವಿಚಾರಕರು ಮಿತಭಾಷಿ ಹೆಂಗಸು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ತಮ್ಮ ಕುಲಾವಿಯನ್ನು ಅವರ ಮೇಜಿನ ಮೇಲಿಟ್ಟು, ಇದನ್ನು ಅಲಾರಂಗೆ ತೊಡಿಸಿದ್ದೆ ಎಂದ. ಅಕ್ಕ ತಡೆಯಲಾರದೆ, ಹೊಲಿದವಳು ನಾನು, ತಪ್ಪು ನನ್ನದು ಎಂದಳು. ಹೊಲಿದುಕೊಡು ಎಂದು ಕೇಳಿದವನು ನಾನೇ ಎಂದ ತಮ್ಮ. ನೀನು ಕೇಳಲಿಲ್ಲ, ದೀಪದ ಮಾತು ಆಡಿದೆ ಅಷ್ಟೆ, ಕುಲಾವಿ ನನ್ನ ಯೋಚನೆ ಎಂದು ಅಕ್ಕ ವಾದಕ್ಕಿಳಿದಳು. ತಪ್ಪಿಗಾಗಿ ಇಬ್ಬರೂ ಹೀಗೆ ಕಿತ್ತಾಡುತ್ತಿರುವಾಗ ಮೇಡಂ ಕುಲಾವಿಯನ್ನು ಒಳಹೊರಗು ಮಾಡಿ ನೋಡುತ್ತಿದ್ದರು. ಕಂಡಕ್ಟರಮ್ಮ ತಮ್ಮನ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಒಂದು ಮಾತೂ ಆಡಲಿಲ್ಲ. ಮಾತು ತಡವರಿಸಿದಾಗಲೆಲ್ಲ ತಮ್ಮ ಅವಳ ಕಡೆಗೊಮ್ಮೆ ನೋಡುವುದನ್ನೂ, ನೋಡಿ ಮುಂದುವರಿಯುವುದನ್ನೂ ಅಕ್ಕ ಗಮನಿಸಿದಳು. ಪಕ್ಕದಲ್ಲಿ ಕೂರುವ ಕೆಲಸ ಎಂದರೆ ಏನೆಂದು ಅವಳಿಗೆ ಅಂದು ತಿಳಿಯಿತು.

ಯಾಕೆ ತೊಡಿಸಿದಿರಿ ಎಂದು ಮೇಡಂ ಕೇಳಿದರು. ತಮ್ಮ ದೀಪದ ವಿಷಯವನ್ನು, ನಿದ್ದೆ ಇಲ್ಲದ ವಿಷಯವನ್ನು ಹೇಳಿದ.

"ನಿಯಮ ಮಾಡಿರೋದು ಜನ ಬದುಕಲಿ ಅಂತ," ಎಂದರು ಮೇಡಂ. "ಹೊರಗೆ ಹಾಕೋಕಲ್ಲ. ತಾವೇ ಬಂದು ಹೇಳಿದ್ದೀರಿ, ಕೋಣೆ ಉಳಿಯುತ್ತೆ. ಇವತ್ತಿನಿಂದ ಅಲಾರಂ ಬರಿತಲೆಯಲ್ಲೇ ಇರಬೇಕು. ಇನ್ನೊಂದು ಸಲ ಮುಚ್ಚಿದರೆ ನನ್ನ ಹತ್ತಿರ ಈ ಮಾತು ಇರಲ್ಲ." ಅಲಾರಂ ಬಾಗಿಲ ಕಡೆಗೆ ಸರಿಸಿದರೂ ಹೊಗೆ ಹಿಡಿಯುತ್ತದೆಯೇ ಎಂದು ಎಲೆಕ್ಟ್ರಿಷಿಯನ್ ಬಂದಾಗ ಕೇಳಿ, ಆಗುವುದಾದರೆ ಸರಿಸಿಕೊಡುವುದಾಗಿಯೂ ಹೇಳಿದರು. ಕುಲಾವಿಯನ್ನು ಅಕ್ಕನ ಕೈಗೆ ಕೊಡುವಾಗ, ಮೊಮ್ಮಗು ಬರುವುದರಲ್ಲಿದೆ, ಬಟ್ಟೆ ತಂದುಕೊಟ್ಟರೆ ಇಂಥದ್ದೇ ನಾಲ್ಕು ಹೊಲಿದುಕೊಡುವಿರಾ ಎಂದು ವಿಚಾರಿಸಿದರು.

ಎಲೆಕ್ಟ್ರಿಷಿಯನ್ ಬರುವ ತನಕ ತಮ್ಮ ಆ ದೀಪದ ಕೆಳಗೇ ಮಲಗಬೇಕು. ಹೇಗೆ ಎಂದು ಅಕ್ಕ ಕೇಳಿದ್ದು ಈ ಸಲ ಕಂಡಕ್ಟರಮ್ಮನನ್ನೇ. ತನಗೆ ಜೊತೆಗಾರನಾಗಿದ್ದ ಪೇಂಟರೊಬ್ಬ ಮಂಚ ತಿರುಗಿಸಿ ಹಾಕಿಕೊಟ್ಟಿದ್ದ, ದೀಪ ತಲೆಯ ಹಿಂದೆ ಹೋಗಿತ್ತು, ಪೂರ್ತಿ ಅಲ್ಲದಿದ್ದರೂ ಅರ್ಧ ಹೆದರಿಕೆ ಅಷ್ಟಕ್ಕೇ ಇಳಿದಿತ್ತು ಎಂದಳು ಕಂಡಕ್ಟರಮ್ಮ. ನಿಮಗೂ ಹಾಗೆಯೇ ಆಗುತ್ತದೆ ಎಂದು ಮಾತ್ರ ಹೇಳಲಾರೆ, ಬೇಕಾದರೆ ನೋಡೋಣ ಎಂದು ತಮ್ಮನನ್ನೇ ಕೇಳಿದಳು. ಅವನು ಹೂಂ ಎಂದ.

ಮೂವರೂ ಮಂಚಕ್ಕೆ ಕೈ ಹಾಕಿದರು. ಕೋಣೆ ಕಿರಿದು, ಮಂಚ ಅಗಲ. ಅರ್ಧ ತಿರುಗಿ ಮೇಜಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತು. ಕಂಡಕ್ಟರಮ್ಮ ಹಳೆಯ ದನಿಯಲ್ಲಿ, "ಹೋಲ್ಡಾನ್. ಸ್ವಲ್ಪ ಹಿಂದೆ ಬರ್ಲಿ. ಬರ್ಲಿ, ಬರ್ಲಿ. ರೈಟ್," ಎಂದಳು. ಪಕ್ಕದ ಕೋಣೆಯವನು ಬಾಗಿಲಿಗೆ ಬಂದು, ಬಸ್ಸು ಯಾವ ಊರಿಗೆ ಹೊರಟಿದೆ ಎಂದು ಕೇಳಿದ. ತಮ್ಮ ಮಂಚದ ಮೇಲೆಯೇ ಕೂತು ನಕ್ಕ. ಹೊಟ್ಟೆ ಹಿಡಿದುಕೊಂಡು ನಕ್ಕ.

ಕಂಡಕ್ಟರಮ್ಮ ಸಂಜೆಯವರೆಗೆ ಸಿಗುತ್ತೇನೆ, ಆಮೇಲೆ ಬೇಕಾದರೆ ರಾತ್ರಿ ಪಾಳಿಯವರನ್ನು ಕರೆಯಿರಿ ಎಂದು ತಿಳಿಸಿದಳು. ಮರುದಿನ ತಮ್ಮನ ಜೊತೆ ಆಸ್ಪತ್ರೆಗೆ ಹೋದಳು. ಅಲ್ಲಿಯೂ ಮಾತಾಡಿದವನು ತಮ್ಮನೇ. ಅಕ್ಕ ಹೆದರಿದಂತೆ ಡಾಕ್ಟರು ಅವನನ್ನು ಸೇರಿಸಿಕೊಳ್ಳಲಿಲ್ಲ. ಬೇಗನೆ ಬಂದದ್ದು ಒಳ್ಳೆಯದಾಯಿತು ಎಂದು ಹೇಳಿ, ಮಾತ್ರೆಯ ಅಳತೆ ಬದಲಿಸಿ, ಮುಂದಿನ ವಾರ ಮತ್ತೆ ಬರಲು ತಿಳಿಸಿದರು. ಮುಚ್ಚಿಟ್ಟಿದ್ದರೆ ಏನಾಗುತ್ತಿತ್ತು ಎಂದು ಅಕ್ಕ ಕೇಳಲಿಲ್ಲ. ಉತ್ತರ ಅವಳಿಗೇ ಗೊತ್ತಿತ್ತು.

ಎಲೆಕ್ಟ್ರಿಷಿಯನ್ ಬಂದು, ಬಾಗಿಲ ಬಳಿಯೂ ಅಲಾರಂ ತನ್ನ ಕೆಲಸ ಮಾಡುತ್ತದೆ ಎಂದು ಅದನ್ನು ಅಲ್ಲಿಗೆ ಸರಿಸಿದ. ಕೆಟ್ಟುಹೋದ ಹಳೆಯ ಅಲಾರಂ ಒಂದು ಅವನ ಚೀಲದಲ್ಲಿತ್ತು. ತಮ್ಮ ಅದನ್ನು ಕೇಳಿ ಪಡೆದು, ಮೇಜಿನ ಮೇಲಿಟ್ಟು, ಗಡಿಯಾರ ಬಿಚ್ಚುವಂತೆ ಬಿಚ್ಚಿದ. ಬಿಚ್ಚು ಎಂದು ಯಾರೂ ಅವನಿಗೆ ಹೇಳಿರಲಿಲ್ಲ. ಒಳಗಿದ್ದದ್ದು ಇಷ್ಟೇ: ಹೊಗೆ ಹಿಡಿಯುವ ಒಂದು ಸಣ್ಣ ಗೂಡು, ಒಂದು ಕೂಗುವ ತಗಡು, ಒಂದು ದೀಪ. ಹೆದರಿಕೆ ಪೂರ್ತಿ ಹೋಯಿತೇ ಎಂದು ಅಕ್ಕ ಕೇಳಿದಳು. ಹೋಗಿಲ್ಲ, ಸಣ್ಣದಾಗಿದೆ ಎಂದ.

ಈಗ ಆ ಮನೆಯಲ್ಲಿ ತಿಂಗಳಿಗೊಮ್ಮೆ ಅಲಾರಂಗಳ ಪರೀಕ್ಷೆ ನಡೆಸುವವನು ತಮ್ಮನೇ. ಮೊದಲು ಅದು ಎಲ್ಲರಿಗೂ ತಲೆನೋವಿನ ದಿನವಾಗಿತ್ತು. ಹೇಳದೆ ಕೇಳದೆ ಒಮ್ಮೆಗೇ ಕಿರುಚಿದರೆ ಮನಸ್ಸು ನೊಂದವರ ಪಾಡು ಏನಾಗಬೇಕು? ಇವನು ಪ್ರತಿ ಬಾಗಿಲನ್ನೂ ತಟ್ಟುತ್ತಾನೆ, ಕೈ ಕಟ್ಟಿ ಕಾಯುತ್ತಾನೆ, ಈಗ ಕೂಗುತ್ತದೆ ಎಂದು ಹೇಳುತ್ತಾನೆ, ಕಿವಿ ಮುಚ್ಚಿಕೊಂಡ ಮೇಲೆಯೇ ಗುಂಡಿ ಒತ್ತುತ್ತಾನೆ. ಹೊಸದಾಗಿ ಬಂದವರು ದೀಪ ನೋಡುತ್ತ ಅಳುಕಿದರೆ, ನಮ್ಮಕ್ಕ ಇದಕ್ಕೊಂದು ಕುಲಾವಿ ಹೊಲಿದಿದ್ದಳು ಎಂದು ಕೂತು ಕಥೆ ಶುರುಮಾಡುತ್ತಾನೆ. ಇವನಿಗೂ ತರಬೇತಿ ಕೊಡಿಸಬೇಕು ಎಂದು ಕಂಡಕ್ಟರಮ್ಮ ಮೇಡಂ ಕಿವಿಗೆ ಹಾಕಿದ್ದಾಳೆ.

ಮೊನ್ನೆ ತಮ್ಮ ಎರಡು ದಿನ ಇದ್ದು ಹೋಗಲು ಅಕ್ಕನ ಮನೆಗೆ ಬಂದ. ಅವನ ಹಳೆಯ ಕೋಣೆಯ ಬಾಗಿಲಲ್ಲಿ ಚಿಲಕ ಇನ್ನೂ ಹೊರಗೇ ಇತ್ತು. ಅದನ್ನು ಕಂಡು ಅವನು ಹೊಸಿಲಲ್ಲೇ ನಿಂತ.

"ಬಡಗಿಗೆ ಹೇಳಿ ತೆಗೆಸೋಣ ಅಂತಿದ್ದೆ," ಎಂದಳು ಅಕ್ಕ. "ಆಮೇಲೆ ಅನ್ನಿಸ್ತು, ಇದು ನಿನ್ನ ಕೈಯಿಂದಲೇ ಆಗಲಿ."

ತಮ್ಮ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. ಅದು ಕೈಗಡಿಯಾರದ್ದು, ಬೆಂಕಿಕಡ್ಡಿಯಷ್ಟು. ಇಬ್ಬರೂ ಅದನ್ನೊಮ್ಮೆ, ತುಕ್ಕು ಹಿಡಿದ ಚಿಲಕವನ್ನೊಮ್ಮೆ ನೋಡಿ ನಕ್ಕರು. ಇಸ್ತ್ರಿಯವನಿಂದ ದೊಡ್ಡದೊಂದನ್ನು ಇಸಿದುಕೊಂಡು ಬಂದರು. ತಮ್ಮ ಚಿಲಕ ಬಿಚ್ಚಿ, ತುಕ್ಕು ಉಜ್ಜಿ, ಎಣ್ಣೆ ಹಾಕಿ, ಬಾಗಿಲ ಒಳಮೈಗೆ ಕೂರಿಸಿದ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಚಿಲಕ ಬಿದ್ದ ಸದ್ದು ಅಕ್ಕನಿಗೆ ಕೇಳಿಸಿತು. ಅದೇ ಕಬ್ಬಿಣ, ಅದೇ ಸದ್ದು. ಆದರೆ ಈ ಸಲ ಅದು ಅವಳ ಕಿವಿಯಲ್ಲಿ ಉಳಿಯಲಿಲ್ಲ. ಒಳಗೆ ಹೋಗಿ ಎರಡು ಲೋಟ ಚಹಾ ಮಾಡಿ ತಂದಳು, ಬಾಗಿಲು ತಟ್ಟಿದಳು, ತಟ್ಟಿ ನಿಂತಳು.

"ಈಗ ಬೇಡ ಅಂದ್ರೆ ಸಂಜೆ ಬರ್ತೀಯಾ?" ಎಂದ ತಮ್ಮ ಒಳಗಿನಿಂದ.

"ಚಹಾ ಆರಿದ್ರೆ ನನ್ನ ಬೈಬೇಡ," ಎಂದಳು ಅಕ್ಕ. ನಿಂತೇ ಇದ್ದಳು. ಚಿಲಕ ಸರಿಯಿತು.

ಇದನ್ನು ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯ ಯಾವುದೋ ಒಂದು ಬಾಗಿಲಿಗೂ ಹೊರಗಿನಿಂದ ಚಿಲಕ ಇರಬಹುದು. ಅದಕ್ಕಾಗಿ ನಿಮ್ಮನ್ನು ಹಳಿಯಲು ಈ ಕಥೆ ಬರೆದದ್ದಲ್ಲ. ಮನಸ್ಸಿನ ಕಾಯಿಲೆಗೆ ಡಾಕ್ಟರೂ ಬೇಕು, ಮಾತ್ರೆಯೂ ಬೇಕು. ಜೊತೆಗೆ ಬಾಳಲೊಂದು ಕೋಣೆ ಬೇಕು, ಆ ದಾರಿಯಲ್ಲಿ ನಡೆದು ಬಂದ ಒಬ್ಬರ ಸಂಗವೂ ಬೇಕು. ಅಂಥ ಜೊತೆಗಾರರು ನಿಮ್ಮಲ್ಲಿ ಸಿಗುತ್ತಾರೆಯೇ ಎಂದು ನಿಮ್ಮ ಆಸ್ಪತ್ರೆಯಲ್ಲಿ, ಆರೋಗ್ಯ ಕಾರ್ಯಕರ್ತೆಯ ಬಳಿ ಬಾಯಿ ಬಿಟ್ಟು ಕೇಳಿ. ಇಲ್ಲ ಎಂದರೆ ಇರಬೇಕಿತ್ತು ಎಂದು ಹೇಳಿ ಬನ್ನಿ. ಕಾಯಿಲೆ ಮರುಕಳಿಸುವ ಸುಳಿವು ಕಂಡರೆ ಮುಚ್ಚಿಡಬೇಡಿ, ಅದರ ಮೇಲೆ ಎಷ್ಟೇ ಅಂದದ ಬಟ್ಟೆ ಹೊದಿಸಿದರೂ ಹೊಗೆ ನಿಲ್ಲುವುದಿಲ್ಲ. ಇನ್ನು, ನೀವೇ ಆ ಕಾಯಿಲೆಯಿಂದ ಎದ್ದು ಬಂದವರಾದರೆ, ನಿಮ್ಮ ಕಾಲುಚೀಲದ ಕಥೆಯನ್ನು ಕೇಳಲು ಯಾರೋ ಒಬ್ಬರು ಎಲ್ಲೋ ನಿದ್ದೆಗೆಟ್ಟು ಕಾದಿದ್ದಾರೆ. ಹೋಗಿ ಅವರ ಬಾಗಿಲು ತಟ್ಟಿ. ತಟ್ಟಿ, ತೆರೆಯುವವರೆಗೆ ನಿಲ್ಲಿ.